ಎಣ್ಣೆ ಡಬ್ಬದಲ್ಲಿ ಕನಕಾಂಬರ ಬೆಳೆಸಿದ ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಹೂ ಬಿಡುವ ಗಿಡಗಳ ಪೈಕಿ ಅಂಗಡಿಯಿಂದ ತಂದ ಕುಂಡದಲ್ಲಿರುವುದು ಒಂದೂ ಇಲ್ಲ. 15 ಕಿಲೋ ಎಣ್ಣೆಯ ತಗಡಿನ ಡಬ್ಬ, 20 ಲೀಟರಿನ ಬಣ್ಣದ ಬಕೆಟ್, ಹಿಡಿಕೆ ಮುರಿದ ಸ್ನಾನದ ಬಕೆಟ್, ಮೊಸರಿನ ಡಬ್ಬ, ಇಷ್ಟರಲ್ಲೇ ಎಲ್ಲವೂ ಬೆಳೆದಿವೆ.

ಮೊದಲ ವರ್ಷ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ಒಂದೇ ಒಂದು ತೂತು ಹೊಡೆದು, ನೀರು ಬಸಿಯಲೆಂದು ಎರಡು ಅಂಗುಲ ಜಲ್ಲಿ ಹರಡಿ ಕನಕಾಂಬರದ ಸಸಿ ನೆಟ್ಟಿದ್ದೆ. ಜುಲೈನಲ್ಲಿ ಮಳೆ ಹಿಡಿದ ಎರಡೇ ವಾರಕ್ಕೆ ಎಲೆಗಳು ಹಳದಿಯಾದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಮುಟ್ಟಿದಲ್ಲಿ ಸಿಪ್ಪೆ ಕಳಚಿ ಬರುವಷ್ಟು ಕೊಳೆತಿತ್ತು. ಮಣ್ಣಿನ ನೀರು ಜಲ್ಲಿಗೆ ಸುಲಭವಾಗಿ ಇಳಿಯದೆ ಅದರ ಮೇಲಿನ ಪದರದಲ್ಲೇ ನಿಲ್ಲುತ್ತದೆ, ಆದ್ದರಿಂದ ಜಲ್ಲಿ ಹೆಚ್ಚಿದಷ್ಟೂ ಆ ಒದ್ದೆ ಪದರ ಬೇರಿಗೆ ಹತ್ತಿರವಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಸಾಲದ್ದಕ್ಕೆ ತಳ ತಾರಸಿಗೆ ಅಂಟಿಕೊಂಡು ಇದ್ದ ಒಂದು ತೂತೂ ಮುಚ್ಚಿಹೋಗಿತ್ತು.

ಈಗ ಜಲ್ಲಿಯನ್ನು ಪೂರ್ತಿ ಬಿಟ್ಟಿದ್ದೇನೆ. ಎಣ್ಣೆಯ ಜಿಡ್ಡನ್ನು ಬಿಸಿನೀರು ಮತ್ತು ಸೀಗೆಪುಡಿಯಿಂದ ತಿಕ್ಕಿ ತೊಳೆದು, ಉದ್ದನೆಯ ಸರಳನ್ನು ಡಬ್ಬದ ಒಳಗಿಟ್ಟು ಸುತ್ತಿಗೆಯಿಂದ ಹೊಡೆದು, ಕಿರುಬೆರಳು ಹೋಗುವಷ್ಟು ದೊಡ್ಡ ಐದಾರು ತೂತು ಮಾಡುತ್ತೇನೆ. ಒಳಗಿನಿಂದ ಹೊಡೆದಾಗ ತಗಡಿನ ಅಂಚು ಹೊರಕ್ಕೆ ಬಾಗುವುದರಿಂದ ತಳದಲ್ಲಿ ನೀರು ನಿಲ್ಲುವುದಿಲ್ಲ, ಆದರೆ ಆ ಅಂಚು ಕೈಯನ್ನು ಕೊಯ್ಯುತ್ತದೆ ಎಂಬ ಎಚ್ಚರವಿರಬೇಕು. ತೂತಿನ ಮೇಲೆ ಹಳೆಯ ಸೊಳ್ಳೆ ಪರದೆಯ ತುಂಡು, ಡಬ್ಬದ ಕೆಳಗೆ ನಾಲ್ಕು ಮೂಲೆಗೂ ಇಟ್ಟಿಗೆ ಚೂರು. ಎರಡು ಪಾಲು ಕೆಮ್ಮಣ್ಣು, ಒಂದೊಂದು ಪಾಲು ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಮಣ್ಣು ಸಿದ್ಧ.

ತಗಡು ಏಪ್ರಿಲ್ ಬಿಸಿಲಿಗೆ ಕಾದು ಅಂಚಿನ ಬೇರುಗಳನ್ನು ಸುಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಡಬ್ಬಗಳಿಗೆ ಗೋಣಿಚೀಲ ಸುತ್ತಿ, ಮಧ್ಯಾಹ್ನದ ನಂತರ ನೆರಳು ಬೀಳುವ ಪೂರ್ವದ ಗೋಡೆಯ ಬದಿಗೆ ಸರಿಸುತ್ತೇನೆ. ದಾಸವಾಳದಂತಹ ಆಳದ ಬೇರಿನ ಗಿಡಕ್ಕೆ ಬಣ್ಣದ ಬಕೆಟ್ ಒಳ್ಳೆಯದು. ಮೊಸರಿನ ಡಬ್ಬದಲ್ಲಿ ಟೇಬಲ್ ರೋಸ್ ಸೊಗಸಾಗಿ ಹರಡುತ್ತದೆ, ಆದರೆ ಆ ತೆಳು ಪ್ಲಾಸ್ಟಿಕ್ ಬಿಸಿಲಿನಲ್ಲಿ ಹಪ್ಪಳದಂತೆ ಪುಡಿಯಾಗಿ ಮಣ್ಣಿಗೆ ಸೇರುವುದನ್ನು ಕಂಡ ಮೇಲೆ, ನೆರಳಿನಲ್ಲಿ ಕಡ್ಡಿ ಚಿಗುರಿಸಲು ಮಾತ್ರ ಅದನ್ನು ಬಳಸುತ್ತಿದ್ದೇನೆ. ಕೀಟನಾಶಕದ ಡಬ್ಬವನ್ನಂತೂ ಹೂವಿನ ಗಿಡಕ್ಕೂ ಬಳಸಕೂಡದು.

ಎರಡನೆಯ ಸಲ ನೆಟ್ಟ ಕನಕಾಂಬರ ಈಗ ಡಬ್ಬದ ತುಂಬ ಕವಲೊಡೆದಿದೆ. ಒಣಗಿದ ತೆನೆಗಳಿಗೆ ನೀರು ತಾಗಿದರೆ ಸಾಕು, ಕಾಯಿಗಳು ಚಟಚಟನೆ ಸಿಡಿದು ಬೀಜಗಳು ದೂರಕ್ಕೆ ಹಾರುತ್ತವೆ. ಈ ವರ್ಷ ಪಕ್ಕದ ದಾಸವಾಳದ ಬಕೆಟ್ಟಿನಲ್ಲಿ ಏಳು ಕನಕಾಂಬರದ ಸಸಿಗಳು ಎದ್ದಿವೆ, ಅವಕ್ಕಾಗಿ ಎರಡು ಡಬ್ಬ ತೊಳೆದು ಒಣಗಲು ಇಟ್ಟಿದ್ದೇನೆ.