ಕರಿಕಲ್ಲಿನ ಪೊಟರೆಯಲ್ಲಿ ಜಿಯೊಲೈಟ್ ಹುಡುಕುವವರಿಗೆ

ಜಿಯೊಲೈಟ್, ಅಂದರೆ ಕರಿಕಲ್ಲಿನ ಪೊಳ್ಳುಗಳಲ್ಲಿ ಬೆಳೆಯುವ, ಒಡಲಲ್ಲೇ ನೀರಿರುವ ಖನಿಜಗಳ ಹರಳು ಹುಡುಕಲು ಕರೆದುಕೊಂಡು ಹೋಗಿ ಎಂದು ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು ಸುತ್ತಿಗೆ ಎಷ್ಟು ತೂಕದ್ದಿರಬೇಕು ಎಂದು. ನಾನು ಅವರ ಕೈಗೆ ಮೊದಲು ಕೊಡುವುದು ಪೆನ್ಸಿಲ್ಲು, ನೋಟ್‌ಬುಕ್ಕು. ಎಲ್ಲಿಂದ ಬಂತು, ಯಾವ ಪದರದಲ್ಲಿತ್ತು, ಅಕ್ಕಪಕ್ಕ ಏನಿತ್ತು ಎಂಬುದು ಗೊತ್ತಿಲ್ಲದ ಹರಳು ಷೋಕೇಸಿನ ಅಲಂಕಾರಕ್ಕೆ ಆದೀತು, ಭೂವಿಜ್ಞಾನಕ್ಕೆ ಆಗುವುದಿಲ್ಲ. ವಿಜಯಪುರದಲ್ಲಿ ಭೂವಿಜ್ಞಾನ ಪಾಠ ಮಾಡುತ್ತ, ರಜೆ ಸಿಕ್ಕಾಗಲೆಲ್ಲ ಸೋಲಾಪುರ ದಾಟಿ ಪುಣೆಯ ಕಡೆ ಹೋಗುತ್ತ ಬಂದವಳು ನಾನು. ಇಲ್ಲಿ ಬರೆಯುತ್ತಿರುವುದು ಆ ಓಡಾಟದಲ್ಲಿ ಕಲಿತದ್ದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಆರಿ ಕರಿಕಲ್ಲಾದ ಆ ಲಾವಾ ಹಾಸೇ ಡೆಕ್ಕನ್ ಟ್ರ್ಯಾಪ್. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಿಗೆ ಚಾಚಿದೆ. ನಮ್ಮ ಕಡೆ ಪದರ ತೆಳು. ಬಾವಿ ತೋಡಿದ ಕಲ್ಲಿನಲ್ಲಿ, ಖಡಿ (ಜಲ್ಲಿ) ಖಣಿಯಲ್ಲಿ ಕಾಣುವುದು ಹೆಚ್ಚಾಗಿ ಬಟಾಣಿ ಗಾತ್ರದ ಬಿಳಿ ಚುಕ್ಕೆಗಳು. ಕಣ್ಣು ಪಳಗಿಸಿಕೊಳ್ಳಲು ಅಷ್ಟು ಸಾಕು. ಕೈ ತುಂಬುವ ಹರಳಿಗೆ ಪುಣೆ, ನಾಸಿಕ್, ಜಳಗಾಂವ್, ಅಹಿಲ್ಯಾನಗರಗಳ (ಹಿಂದಿನ ಅಹಮದ್‌ನಗರ) ಕಡೆ ಹೋಗಬೇಕು. ಮುಂಬೈ-ಪುಣೆ ನಡುವೆ 1863ರಲ್ಲಿ ತೆರೆದ ಭೋರ್ ಘಾಟಿನ ರೈಲು ದಾರಿಗಾಗಿ ಬೆಟ್ಟ ಕಡಿದಾಗ ಹೊರಬಿದ್ದ ಹರಳುಗಳು ಯುರೋಪಿನ ಸಂಗ್ರಹಾಲಯಗಳನ್ನು ಸೇರಿದವು. ರಾಹುರಿ ಹತ್ತಿರದ ಮೊಮಿನ್ ಆಖಾಡದ ಹೆಸರಾಂತ ಹಸಿರು ಅಪೊಫಿಲೈಟ್ ಹರಳು ಸಿಕ್ಕಿದ್ದು ಬಾವಿ ತೋಡುವಾಗ. ಹೊಸದಾಗಿ ನೆಲ ಒಡೆಯುವ ಕೆಲಸ ಎಲ್ಲಿ ನಡೆದಿದೆ ಎಂದು ಕಿವಿ ತೆರೆದಿಟ್ಟುಕೊಳ್ಳುವುದೇ ಅರ್ಧ ಹುಡುಕಾಟ.

ಖಣಿಗೆ ಹೋದ ಮೇಲೆ ಎದುರಿನ ಗೋಡೆಯನ್ನು ದೂರದಿಂದ ನಿಂತು ಓದಿ. ಒಂದೊಂದು ಲಾವಾ ಪದರಕ್ಕೂ ತಳ, ನಡು, ತಲೆ ಇರುತ್ತದೆ. ನಡುವಿನ ಭಾಗ ಗಟ್ಟಿ, ನಿಬಿಡ, ನೆಟ್ಟನೆಯ ಬಿರುಕುಗಳದ್ದು. ಖಡಿಗೆ ಬೇಕಾದ ಕಲ್ಲು ಅದೇ, ಹರಳು ಅಲ್ಲಿ ಅಪರೂಪ. ಲಾವಾದಲ್ಲಿದ್ದ ಅನಿಲ ಗುಳ್ಳೆಯಾಗಿ ಮೇಲೇರಿ, ಮೇಲ್ಭಾಗ ಗಟ್ಟಿಯಾಗುತ್ತಿದ್ದಾಗ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಪದರದ ತಲೆಯ ಭಾಗವೆಲ್ಲ ತೂತು ತೂತು. ಎರಡು ಪದರಗಳ ನಡುವೆ ಕೆಲವೆಡೆ ಇಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿ ಓಡಿರುತ್ತದೆ. ಅದು ಕಂಡರೆ ಅದರ ಕೆಳಗಿನ ಒಂದೆರಡು ಮೀಟರ್ ಕಲ್ಲನ್ನು ಬಿಡದೆ ನೋಡಿ. ಲಾವಾ ಆರಿದ ಎಷ್ಟೋ ಕಾಲದ ನಂತರ, ಕಲ್ಲಿನ ಸಂದುಗಳಲ್ಲಿ ಇಳಿದ ನೀರು ಕ್ಯಾಲ್ಸಿಯಂ, ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾಗಳನ್ನು ಕರಗಿಸಿ ತಂದು ಈ ಪೊಟರೆಗಳಲ್ಲಿ ಹರಳುಗಟ್ಟಿಸಿದೆ. ಹಾಗಾಗಿ ತೂತು ಇದ್ದರೆ ಸಾಲದು, ನೀರು ಓಡಾಡಿದ ಗುರುತೂ ಬೇಕು. ಪೊಟರೆಯ ಗೋಡೆಗೆ ಹಸಿರು ಜೇಡಿಯ ತೆಳುಲೇಪ ಇದ್ದರೆ ಅದು ಒಳ್ಳೆಯ ಸೂಚನೆ.

ಅನುಮತಿಯ ವಿಷಯದಲ್ಲಿ ರಾಜಿ ಬೇಡ. ಖಣಿಯ ಗುತ್ತಿಗೆದಾರರನ್ನು ಕೇಳದೆ ಒಳಗೆ ಕಾಲಿಡಬಾರದು. ಅರಣ್ಯ ಇಲಾಖೆಯ ಜಾಗ, ಅಜಂತಾ, ಎಲ್ಲೋರದಂಥ ಸಂರಕ್ಷಿತ ಗುಹೆಗಳ ಬಂಡೆ, ಲೋಣಾರ್ ಸರೋವರದ ದಂಡೆ, ಇಲ್ಲೆಲ್ಲ ಒಂದು ಚೂರನ್ನೂ ಎತ್ತಬಾರದು. ಅವು ಅಲ್ಲೇ ಇರಬೇಕಾದವು.

ಖಣಿಯಲ್ಲಿ ನಿಮ್ಮ ಗುರು ಮುಕಾದಮ, ಅಂದರೆ ಕೆಲಸಗಾರರ ಮೇಸ್ತ್ರಿ. ಯಾವ ಮೂಲೆಯಲ್ಲಿ ಪೊಳ್ಳು ಬಂತು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ನಮ್ಮ ಕಡೆಯ ಖಣಿಗೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ ಸಿಡಿಮದ್ದಿನದು.

"ಇವತ್ತ ಬ್ಲಾಸ್ಟಿಂಗ್ ಐತೇನ್ರಿ?"

"ಮೂರು ಗಂಟೇಕ್ಕ ಐತ್ರಿ ಅಕ್ಕೋರ. ಅಷ್ಟರಾಗ ಮ್ಯಾಲ ಬಂದುಬಿಡ್ರಿ. ಆ ಕಡೀ ಗ್ವಾಡೀ ಬುಡಕ್ಕ ಮಾತ್ರ ಹೋಗಬ್ಯಾಡ್ರಿ."

ಅವರು ಹೋಗಬೇಡ ಎಂದ ಕಡೆ ಹೋಗಬೇಡಿ. ಸಿಡಿಸಿದ ಮೇಲೆ ಗೋಡೆಯಲ್ಲಿ ಸಡಿಲ ಕಲ್ಲು ನೇತಾಡುತ್ತಿರುತ್ತದೆ. ಸಿಡಿಯದೆ ಉಳಿದ ಮದ್ದೂ ಇರಬಹುದು. ಹೆಲ್ಮೆಟ್, ದಪ್ಪ ಬೂಟು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಇವಿಲ್ಲದವರನ್ನು ನಾನು ಕರೆದೊಯ್ಯುವುದಿಲ್ಲ. ಕರಿಕಲ್ಲಿನ ಚಕ್ಕೆ ಬ್ಲೇಡಿನಷ್ಟು ಹರಿತ. ಒಂದು ಸುತ್ತಿಗೆಯನ್ನು ಇನ್ನೊಂದು ಸುತ್ತಿಗೆಯಿಂದ ಹೊಡೆಯಬೇಡಿ, ಉಕ್ಕಿನ ಚೂರು ಸಿಡಿಯುತ್ತದೆ. ಪೊಟರೆಗೆ ಬರಿಗೈ ಹಾಕುವ ಮುನ್ನ ಟಾರ್ಚ್ ಬಿಟ್ಟು ನೋಡಿ, ಚೇಳಿಗೂ ಅದೇ ಜಾಗ ಇಷ್ಟ.

ಈಗ ಬಿಡಿಸುವ ಮಾತು. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲೇ. ಹರಳನ್ನು ಹಿಡಿದು ಕೀಳಬಾರದು, ಅದು ಕೂತ ಕಲ್ಲಿನ ಸಮೇತ ಎತ್ತಬೇಕು. ಅದೃಷ್ಟವಿದ್ದರೆ ಸಿಡಿದ ರಾಶಿಯಲ್ಲೇ ಪೊಟರೆ ಬಾಯಿ ತೆರೆದ ಬಂಡೆ ಸಿಗುತ್ತದೆ. ನನ್ನ ಒಳ್ಳೆಯ ಮಾದರಿಗಳಲ್ಲಿ ಹೆಚ್ಚಿನವು ಅಂಥ ರಾಶಿಯಿಂದಲೇ ಬಂದವು. ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಒಳಗೆಲ್ಲ ನೋಡಿ, ಫೋಟೊ ತೆಗೆದು, ಮೇಲು ಕೆಳಗು ಯಾವುದೆಂದು ಕಲ್ಲಿನ ಮೇಲೆ ಗುರುತು ಹಾಕಿ. ಪೊಟರೆಯ ತಳದಲ್ಲಿ ಮಣ್ಣಿದ್ದರೆ ಬಿಸಾಡಬೇಡಿ, ಉದುರಿದ ಬಿಡಿ ಹರಳು ಅದರಲ್ಲಿರುತ್ತದೆ. ಚೀಲಕ್ಕೆ ತುಂಬಿಕೊಂಡು ಮನೆಯಲ್ಲಿ ಜರಡಿ ಹಿಡಿಯಿರಿ.

ಒಳಗಿರುವುದು ದಪ್ಪ ಹರಳಾದರೆ ಒದ್ದೆ ಟಿಶ್ಯೂ ಪೇಪರನ್ನು ಮೆತ್ತಗೆ ತುಂಬಿ. ಸೂಜಿ, ಕೂದಲು, ಹತ್ತಿಯಂಥದ್ದು ಇದ್ದರೆ ಏನನ್ನೂ ತುಂಬದೆ ಬಾಯಿಗೆ ಮಾತ್ರ ಬಟ್ಟೆ ಕಟ್ಟಿ. ಆಮೇಲೆ ಪೊಟರೆಯ ಅಂಚಿನಿಂದ ಕಡಿಮೆಯೆಂದರೆ ಒಂದು ಗೇಣು ದೂರದಲ್ಲಿ, ಕಲ್ಲಿನಲ್ಲಿ ಮೊದಲೇ ಇರುವ ಬಿರುಕು ಹುಡುಕಿ. ಅದರಲ್ಲಿ ಮೂರ್ನಾಲ್ಕು ಚಾಣಗಳನ್ನು ಸಾಲಾಗಿ ಇಟ್ಟು ಒಂದಾದ ಮೇಲೊಂದಕ್ಕೆ ಸಣ್ಣ ಸಣ್ಣ ಏಟು ಕೊಡಿ. ಏಟಿನ ದಿಕ್ಕು ಹರಳಿನ ಕಡೆಗೆ ಇರಬಾರದು. ದೊಡ್ಡ ಸುತ್ತಿಗೆಯ ಒಂದೇ ಏಟಿಗೆ ಕಲ್ಲು ಬೇಗ ಒಡೆದೀತು, ಆದರೆ ಅದರ ಅದುರಿಗೆ ಅಪೊಫಿಲೈಟ್ ಅಡ್ಡಡ್ಡ ಸೀಳಿ ಅರ್ಧ ಹರಳು ಕೈಗೆ ಬರುತ್ತದೆ. ಸ್ಟಿಲ್ಬೈಟ್, ಹ್ಯೂಲಾಂಡೈಟ್ ಎಂಬ ಜಿಯೊಲೈಟ್‌ಗಳಿಗೂ ಹಾಗೆಯೇ ಪದರ ಬಿಡುವ ಗುಣವಿದೆ. ಕಲ್ಲಿನ ಸದ್ದು ಖಣಖಣ ಎನ್ನುವುದು ನಿಂತು ಮಂಕಾಯಿತೆಂದರೆ ಒಳಗೆ ಬಿರುಕು ಓಡಿದೆ ಎಂದರ್ಥ. ಆಗ ಸುತ್ತಿಗೆ ಕೆಳಗಿಟ್ಟು ಸಬ್ಬಲಿನಿಂದ ಮೀಟಿ. ಬರದಿದ್ದರೆ ಬಿಟ್ಟುಬಿಡಿ. ಒಡೆದು ತರುವುದಕ್ಕಿಂತ ಫೋಟೊ ತರುವುದು ಮೇಲು.

ಸಾಗಿಸಲು ಧಾರವಾಡ ಪೇಢೆಯ ಖಾಲಿ ಡಬ್ಬಿಗಳನ್ನು ಕೂಡಿಟ್ಟುಕೊಂಡಿದ್ದೇನೆ. ಕಲ್ಲಿನ ಬುಡವನ್ನು ದಾರದಿಂದ ಡಬ್ಬಿಯ ತಳಕ್ಕೆ ಬಿಗಿದು, ಹರಳು ಯಾವುದಕ್ಕೂ ತಾಗದಂತೆ ಮುಚ್ಚಳ ಹಾಕುತ್ತೇನೆ. ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೇ ಇರುತ್ತದೆ, ಡಿಕ್ಕಿಯಲ್ಲಿ ಅಲ್ಲ.

ಸಿಕ್ಕಿದ್ದು ಏನು? ನೈಸರ್ಗಿಕ ಜಿಯೊಲೈಟ್‌ಗಳು 60ಕ್ಕೂ ಹೆಚ್ಚು ಬಗೆ, ಆದರೆ ಈ ಸೀಮೆಯಲ್ಲಿ ಮತ್ತೆ ಮತ್ತೆ ಎದುರಾಗುವವು ಕೆಲವೇ. ನಡುವೆ ಕಟ್ಟಿದ ಹೊರೆಯಂತೆ ಎರಡೂ ತುದಿ ಅರಳಿ, ಮುತ್ತಿನ ಹೊಳಪಿದ್ದರೆ ಸ್ಟಿಲ್ಬೈಟ್, ಬಣ್ಣ ಬಿಳಿಯಿಂದ ನಸುಗೆಂಪಿನವರೆಗೆ. ಹೊಳಪು ಅದೇ, ಆದರೆ ನಡು ಅಗಲವಾಗಿ ತುದಿ ಕಿರಿದಾದ ಹಲಗೆಯಂಥದ್ದು ಹ್ಯೂಲಾಂಡೈಟ್. ಸಕ್ಕರೆ ಹರಳನ್ನು ಓರೆಯಾಗಿ ತಳ್ಳಿದಂಥ ಆಕಾರ ಚಾಬಜೈಟ್. ಒಂದೇ ಬುಡದಿಂದ ಹೊಮ್ಮಿದ ಗಟ್ಟಿ ಸೂಜಿಗಳು ಸ್ಕೋಲೆಸೈಟ್, ಉಸಿರು ತಾಗಿದರೂ ಅಲುಗುವ ಕೂದಲು ಮೆಸೊಲೈಟ್ ಇರಬಹುದು. ಚೌಕ ಕಂಬದ ತುದಿಗೆ ಗೋಪುರವಿದ್ದರೆ ಅಪೊಫಿಲೈಟ್, ಬಿಳಿ ಹತ್ತಿಯುಂಡೆಯಾದರೆ ಒಕೆನೈಟ್. ಇವೆರಡೂ ಜಿಯೊಲೈಟ್ ಅಲ್ಲ, ಅವುಗಳ ಜೊತೆಗಾರರು. ಪುಣೆ ಪಕ್ಕದ ವಾಘೋಲಿಯ ಖಣಿಗಳನ್ನು ಜಗತ್ತಿಗೆ ಪರಿಚಯಿಸಿದ ಕಡುನೀಲಿ ಕವನ್ಸೈಟ್ ಕೂಡ ಜಿಯೊಲೈಟ್ ಅಲ್ಲ, ಅದರ ನೀಲಿ ವನೇಡಿಯಂ ಲೋಹದ್ದು. 1973ರಲ್ಲಿ ಅದನ್ನು ಮೊದಲು ವಿವರಿಸಿದ್ದು ಅಮೆರಿಕದ ಆರೆಗಾನ್‌ನ ಮಾದರಿಗಳಿಂದ, ಆದರೆ ವಾಘೋಲಿಯಲ್ಲಿ ಬಿಳಿ ಸ್ಟಿಲ್ಬೈಟಿನ ಮೇಲೆ ಕೂತ ಆ ನೀಲಿ ಉಂಡೆಗಳಿಗೆ ಸಾಟಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಜವಾದ ಅಪರೂಪದ ಜಿಯೊಲೈಟ್‌ಗಳು ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ. ನಾಸಿಕ್ ಕಡೆಯ ಗೂಸ್‌ಕ್ರೀಕೈಟ್, ಮುಂಬೈ ಕಾಂದಿವಲಿ ಖಣಿಯ ಯುಗವಾರಲೈಟ್, ಇವು ಬಣ್ಣವಿಲ್ಲದ ಬಾಗಿದ ಅಥವಾ ಚಪ್ಪಟೆ ಹರಳುಗಳು. ಸ್ಟಿಲ್ಬೈಟ್ ಎಂದುಕೊಂಡು ಬದಿಗಿಟ್ಟ ಚೂರುಗಳನ್ನು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಇನ್ನೊಮ್ಮೆ ನೋಡಿ.

ಒಂದು ಎಚ್ಚರಿಕೆ. ಎರಿಯೊನೈಟ್ ಎಂಬ ಎಳೆಎಳೆಯ ಜಿಯೊಲೈಟಿನ ಧೂಳು ಕ್ಯಾನ್ಸರ್ ತರುತ್ತದೆ. ಟರ್ಕಿಯ ಕಪಡೋಕಿಯಾದ ಕೆಲವು ಹಳ್ಳಿಗಳು ಅದರಿಂದ ನಲುಗಿವೆ. ಗುರುತು ಸಿಗದ ಉಣ್ಣೆಯಂಥ ಎಳೆಗಳನ್ನು ಒಣಗಿದ್ದಾಗ ಉಜ್ಜಬೇಡಿ, ಊದಬೇಡಿ. ಕಲ್ಲಿಗೆ ನೀರು ಚಿಮುಕಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿ.

ತೊಳೆಯಲು ತಣ್ಣೀರು, ಚಿತ್ರ ಬಿಡಿಸುವ ಮೆತ್ತನೆಯ ಬ್ರಷ್ಷು, ಸಂದಿಗೆ ಸೂಜಿಯಿಲ್ಲದ ಸಿರಿಂಜು ಸಾಕು. ಸೂಜಿ ಗೊಂಚಲಿಗೂ ಒಕೆನೈಟಿಗೂ ನೀರೇ ಬೇಡ. ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿ ಬಿಳುಪು ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೈಡ್ರೋಕ್ಲೋರಿಕ್ ಆ್ಯಸಿಡಿನಲ್ಲಿ ಸ್ಕೋಲೆಸೈಟ್ ಅಂಟಾಗಿ ಕರಗಿಹೋಗುತ್ತದೆ. ಮೇಲೆ ಕೂತ ಕ್ಯಾಲ್ಸೈಟನ್ನೂ ತೆಗೆಯಬೇಡಿ, ಯಾವುದು ಮೊದಲು ಬೆಳೆಯಿತು, ಯಾವುದು ಆಮೇಲೆ ಎಂಬುದನ್ನು ಹೇಳುವುದು ಅದೇ. ಬಿಸಿಲಿಗೂ ಇಡಬೇಡಿ. ಜಿಯೊಲೈಟಿನ ಒಡಲಲ್ಲೇ ನೀರಿದೆ, ಕಾವಿಗೆ ಅದು ಹೊರಡುತ್ತದೆ. ಲೋಮೊಂಟೈಟ್ ಎಂಬ ಜಿಯೊಲೈಟ್ ಅಂತೂ ಒಣಗಾಳಿಗೇ ಬಿಳಿಚಿ, ಬಿರಿದು ಪುಡಿಯಾಗುತ್ತದೆ. ಸಿಕ್ಕಿದ್ದು ಅದೇ ಇರಬಹುದು ಎಂಬ ಅನುಮಾನ ಬಂದರೆ ಖಣಿಯಲ್ಲೇ ಒದ್ದೆ ಹತ್ತಿಯೊಂದಿಗೆ ಗಾಳಿಯಾಡದ ಡಬ್ಬಿಗೆ ಹಾಕಿ.

ಕೊಳ್ಳುವವರಿಗೂ ಒಂದು ಮಾತು: ಗುಲಾಬಿ, ನೀಲಿ ಒಕೆನೈಟ್ ಕಂಡರೆ ಅದಕ್ಕೆ ಬಣ್ಣ ಹಾಕಿದ್ದಾರೆ ಎಂದೇ ತಿಳಿಯಿರಿ.

ಕೊನೆಗೆ ಚೀಟಿ. ಊರು, ತಾಲೂಕು, ಖಣಿ, ಜಿಪಿಎಸ್ ಅಂಕೆ, ದಿನಾಂಕ, ನೆಲದಿಂದ ಎಷ್ಟು ಆಳ, ಪದರದ ತಲೆಯೋ ತಳವೋ, ಪೊಟರೆಯ ಅಳತೆ, ಜೊತೆಗಿದ್ದ ಖನಿಜಗಳು, ಇಷ್ಟನ್ನೂ ಅಂದೇ ಬರೆಯಿರಿ. ಅದೇ ಸಂಖ್ಯೆಯನ್ನು ಕಲ್ಲಿನ ಬೆನ್ನಿಗೂ ಬಿಳಿ ಬಣ್ಣದ ಚುಕ್ಕೆ ಇಟ್ಟು ಬರೆಯಿರಿ, ಚೀಟಿ ಕಳೆದರೂ ನೋಟ್‌ಬುಕ್ಕಿನಲ್ಲಿ ಹುಡುಕಬಹುದು. ಸ್ಕೋಲೆಸೈಟ್, ಮೆಸೊಲೈಟ್, ನೇಟ್ರೊಲೈಟ್‌ಗಳನ್ನು ಬರಿಗಣ್ಣಲ್ಲಿ ಬೇರ್ಪಡಿಸುವುದು ಕಷ್ಟ, ಹರಳಿನ ಒಳರಚನೆ ತೋರಿಸುವ ಎಕ್ಸ್‌-ರೇ ಡಿಫ್ರ್ಯಾಕ್ಷನ್ ಪರೀಕ್ಷೆ ಬೇಕು. ಆ ಯಂತ್ರವಿರುವ ವಿಶ್ವವಿದ್ಯಾಲಯದ ವಿಭಾಗಕ್ಕೆ ಉದುರಿದ ಚೂರುಗಳನ್ನು ಕೊಟ್ಟು ಕೇಳಿ. ಉತ್ತರ ಬರುವವರೆಗೆ ಚೀಟಿಯಲ್ಲಿ "ಸೂಜಿ ಜಿಯೊಲೈಟ್, ಪರೀಕ್ಷೆ ಆಗಬೇಕು" ಎಂದಷ್ಟೇ ಇರಲಿ.