ಸೆಕ್ಯುರಿಟಿ ಪ್ಲಸ್ ಪರೀಕ್ಷೆ: ಪೋರ್ಟ್ ಪಟ್ಟಿ ಬಾಯಿಪಾಠವಾದರೆ ಸಾಲದು

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ರೂಮು ಹಿಡಿದು ಕಾಂಪ್‌ಟಿಯಾ ಸಂಸ್ಥೆಯ ಕಂಪ್ಯೂಟರ್ ಭದ್ರತಾ ಪರೀಕ್ಷೆಯಾದ ಸೆಕ್ಯುರಿಟಿ ಪ್ಲಸ್‌ಗೆ ಓದುವ ಹುಡುಗರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪೋರ್ಟ್ ಸಂಖ್ಯೆ (ಜಾಲದ ಪ್ರತಿ ಸೇವೆಗೂ ಇರುವ ಬಾಗಿಲ ನಂಬರು) ಹೇಳುತ್ತಾರೆ. ಅದೇ ಹುಡುಗರಿಗೆ ‘ಶಾಖೆಯಿಂದ ಫೈಲ್ ಕಳಿಸಬೇಕು, ಫೈರ್‌ವಾಲ್‌ನಲ್ಲಿ 22 ಒಂದೇ ತೆರೆದಿದೆ, ಯಾವುದನ್ನು ಬಳಸುತ್ತೀರಿ?’ ಎಂದು ಕೇಳಿ ನೋಡಿ. ಎಫ್‌ಟಿಪಿಎಸ್‌ಗೆ ಟಿಕ್ ಹಾಕಿ ಅಂಕ ಕಳೆದುಕೊಳ್ಳುವವರು ಬಹಳ. 2023ರ ನವೆಂಬರ್‌ನಲ್ಲಿ ಬಂದ ಎಸ್‌ವೈ0-701 ಆವೃತ್ತಿಯಲ್ಲಿ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 100ರಿಂದ 900ರ ಮಾಪನದಲ್ಲಿ 750 ಬಂದರೆ ಪಾಸು. ಪ್ರಶ್ನೆಗಳಲ್ಲಿ ಹೆಚ್ಚಿನವು ಸನ್ನಿವೇಶ ಕೊಟ್ಟು ಆಯ್ಕೆ ಕೇಳುವಂಥವು.

ಹಂತ 1: ಪಟ್ಟಿಗೆ ಮೂರನೇ ಕಾಲಂ ಹಾಕಿ

ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆಯಿರಿ, ಮೊಬೈಲ್ ಆ್ಯಪ್ ಬೇಡ. ಎಡಕ್ಕೆ ಭದ್ರತೆಯಿಲ್ಲದ್ದು, ಮಧ್ಯದಲ್ಲಿ ಅದರ ಬದಲಿ: ದೂರದ ಯಂತ್ರಕ್ಕೆ ಲಾಗಿನ್ ಆಗುವ ಟೆಲ್‌ನೆಟ್ 23ಕ್ಕೆ ಎಸ್‌ಎಸ್‌ಎಚ್ 22, ಎಚ್‌ಟಿಟಿಪಿ 80ಕ್ಕೆ ಎಚ್‌ಟಿಟಿಪಿಎಸ್ 443, ಮೇಲ್ ತರುವ ಐಮ್ಯಾಪ್ 143ಕ್ಕೆ 993, ಪಾಪ್3 110ಕ್ಕೆ 995, ಬಳಕೆದಾರರ ಡೈರೆಕ್ಟರಿಯ ಎಲ್‌ಡ್ಯಾಪ್ 389ಕ್ಕೆ 636. ಮೂರನೇ ಕಾಲಂನಲ್ಲಿ ಆ ಭದ್ರತೆ ಬರುವುದು ಎಸ್‌ಎಸ್‌ಎಚ್‌ನಿಂದಲೋ ಟಿಎಲ್‌ಎಸ್‌ನಿಂದಲೋ (ತಾಣ, ಮೇಲ್ ಮುಂತಾದವುಗಳ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಪ್ರೋಟೊಕಾಲ್) ಎಂಬುದನ್ನು ಬರೆಯಿರಿ. ಎಸ್‌ಎಫ್‌ಟಿಪಿ ಎಸ್‌ಎಸ್‌ಎಚ್ ಒಳಗೇ ಓಡುತ್ತದೆ, 22 ಸಾಕು. ಎಫ್‌ಟಿಪಿಎಸ್ ಎಂದರೆ ಹಳೆಯ ಎಫ್‌ಟಿಪಿಗೇ ಟಿಎಲ್‌ಎಸ್ ಹೊದಿಸಿದ್ದು. ಮೊದಲಿಂದಲೇ ಟಿಎಲ್‌ಎಸ್ ಇರುವ ಬಗೆಗೆ 990, ಡೇಟಾ ಸಾಗಿಸಲು ಬೇರೆ ಪೋರ್ಟ್‌ಗಳು, ಫೈರ್‌ವಾಲ್ ನೋಡಿಕೊಳ್ಳುವವರಿಗೆ ತಲೆನೋವು. ಮೇಲಿನ ಪ್ರಶ್ನೆಗೆ ಉತ್ತರ ಈ ಕಾಲಂನಲ್ಲೇ ಇದೆ.

ಎರಡು ಬಲೆಗಳನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್; ಡಿಎನ್‌ಎಸ್‌ಸೆಕ್ ಅದರ ಉತ್ತರಕ್ಕೆ ಸಹಿ ಹಾಕುತ್ತದೆ, ಏನನ್ನೂ ಮುಚ್ಚಿಡುವುದಿಲ್ಲ. ಮುಚ್ಚಬೇಕಾದರೆ ಟಿಎಲ್‌ಎಸ್ ಮೇಲಿನ ಡಿಎನ್‌ಎಸ್ (853) ಅಥವಾ ಎಚ್‌ಟಿಟಿಪಿಎಸ್ ಮೇಲಿನದು (443). ಹಾಗೆಯೇ ಜಾಲದ ಉಪಕರಣಗಳ ಮೇಲೆ ನಿಗಾ ಇಡುವ ಎಸ್‌ಎನ್‌ಎಂಪಿಯ ಮೂರನೇ ಆವೃತ್ತಿ ಹಾಕಿದ ಮಾತ್ರಕ್ಕೆ ಎನ್‌ಕ್ರಿಪ್ಷನ್ ಬರುವುದಿಲ್ಲ. ದೃಢೀಕರಣ, ಗೌಪ್ಯತೆ ಎರಡೂ ಇರುವ ಮಟ್ಟವನ್ನೇ ಆರಿಸಬೇಕು.

ಹಂತ 2: ಟಿಎಲ್‌ಎಸ್ ಅನ್ನು ಕಣ್ಣಾರೆ ನೋಡಿ

ಜಾಲದಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಪುಕ್ಕಟೆ ಸಿಗುತ್ತದೆ. ಅದರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಕ್ಯಾಪ್ಚರ್ ಶುರು ಮಾಡಿ, ಬ್ರೌಸರ್‌ನಲ್ಲಿ ಒಂದು ತಾಣ ತೆರೆದು ನಿಲ್ಲಿಸಿ. ಗೂಗಲ್, ಯೂಟ್ಯೂಬ್ ಬೇಡ. ಅವು ಬಹುಪಾಲು ಕ್ವಿಕ್ ಎಂಬ ಪ್ರೋಟೊಕಾಲ್ ಹಿಡಿದು ಎಂದಿನ ಟಿಸಿಪಿ ಬದಲು ಯುಡಿಪಿ 443ರಲ್ಲಿ ಹೋಗುವುದರಿಂದ ಹೊಸಬರಿಗೆ ಗಲಿಬಿಲಿಯಾಗುತ್ತದೆ. ಬ್ರೌಸರ್ ಮೊದಲಿಗೆ ಕಳಿಸುವ ಕ್ಲೈಂಟ್ ಹಲೋ ಪ್ಯಾಕೆಟ್ ಬಿಡಿಸಿದರೆ ಟಿಎಲ್‌ಎಸ್ ಆವೃತ್ತಿಯ ಸಾಲಿನಲ್ಲಿ 1.2 ಎಂದೇ ಇರುತ್ತದೆ. ಅದನ್ನು ನೋಡಿ ‘ನಮ್ಮ ಬ್ರೌಸರ್ ಹಳೇದು’ ಎಂದುಕೊಳ್ಳಬೇಡಿ. ಹಳೆಯ ಉಪಕರಣಗಳು ಬೆದರದಿರಲಿ ಎಂದು 1.3 ಕೂಡ ಅಲ್ಲಿ ಹಾಗೇ ಹೇಳಿಕೊಳ್ಳುತ್ತದೆ. ನಿಜವಾದ ಆವೃತ್ತಿ ಕೆಳಗೆ ‘ಸಪೋರ್ಟೆಡ್ ವರ್ಷನ್ಸ್’ ವಿಭಾಗದಲ್ಲಿದೆ. 1.2ರ ಸಂಪರ್ಕದಲ್ಲಿ ಸರ್ವರ್‌ನ ಸರ್ಟಿಫಿಕೇಟ್ ಎನ್‌ಕ್ರಿಪ್ಟ್ ಆಗದೆ ಕಾಣುತ್ತದೆ, 1.3ರಲ್ಲಿ ಕಾಣುವುದಿಲ್ಲ. 1.2ಕ್ಕೆ ಹಸ್ತಲಾಘವ (ಸಂಪರ್ಕದ ಆರಂಭಿಕ ಮಾತುಕತೆ) ಮುಗಿಯಲು ಎರಡು ಸುತ್ತು ಬೇಕು, 1.3ಕ್ಕೆ ಒಂದೇ. ಟಿಎಲ್‌ಎಸ್‌ಗೆ ಮೊದಲಿದ್ದ ಎಸ್‌ಎಸ್‌ಎಲ್‌ನ ಯಾವುದೇ ಆವೃತ್ತಿ, ಟಿಎಲ್‌ಎಸ್ 1.0, 1.1 ಇವು ಭದ್ರ ಆಯ್ಕೆಯೆಂಬಂತೆ ಬಂದರೆ ಕಣ್ಣು ಮುಚ್ಚಿ ಹೊಡೆದುಹಾಕಿ. ಕೊನೆಯ ಎರಡನ್ನು 2021ರಲ್ಲೇ ಅಧಿಕೃತವಾಗಿ ಕೈಬಿಡಲಾಗಿದೆ.

ಹಂತ 3: ಐಪಿಸೆಕ್‌ಗೆ ಚಿತ್ರ ಬರೆಯಿರಿ

ಐಪಿಸೆಕ್ ಎಂದರೆ ಐಪಿ ಪ್ಯಾಕೆಟ್‌ಗಳಿಗೇ ಭದ್ರತೆ ಕೊಡುವ ವ್ಯವಸ್ಥೆ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ, ಗದಗದಲ್ಲಿ ಶಾಖೆ, ನಡುವೆ ವಿಪಿಎನ್ (ಇಂಟರ್ನೆಟ್ ಮೇಲೆಯೇ ಸಾಗುವ ಭದ್ರ ಖಾಸಗಿ ದಾರಿ) ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಮೂರು ಚೌಕ ಬರೆಯಿರಿ: ಐಪಿ ಹೆಡರ್, ಟಿಸಿಪಿ ಹೆಡರ್, ಡೇಟಾ. ಇದು ಮೂಲ ಪ್ಯಾಕೆಟ್.

ಅದರ ಕೆಳಗೆ, ಐಪಿಸೆಕ್‌ನಲ್ಲಿ ಡೇಟಾ ಎನ್‌ಕ್ರಿಪ್ಟ್ ಮಾಡುವ ಇಎಸ್‌ಪಿಯ ಟ್ರಾನ್ಸ್‌ಪೋರ್ಟ್ ಮೋಡ್: ಮೂಲ ಐಪಿ ಹೆಡರ್ ಹಾಗೇ ಮುಂದೆ ಉಳಿಯುತ್ತದೆ, ಆಮೇಲೆ ಇಎಸ್‌ಪಿ ಹೆಡರ್, ಬಳಿಕ ಟಿಸಿಪಿ ಮತ್ತು ಡೇಟಾ, ಕೊನೆಗೆ ಇಎಸ್‌ಪಿಯ ಬಾಲ. ಇನ್ನೂ ಕೆಳಗೆ ಟನಲ್ ಮೋಡ್: ಮುಂದೆ ಹೊಸ ಐಪಿ ಹೆಡರ್, ಇಎಸ್‌ಪಿ ಹೆಡರ್, ಅದರ ಹಿಂದೆ ಮೂರೂ ಚೌಕಗಳು ಇಡಿಯಾಗಿ. ಎನ್‌ಕ್ರಿಪ್ಟ್ ಆದ ಭಾಗಕ್ಕೆ ಪೆನ್ಸಿಲ್‌ನಿಂದ ಬಣ್ಣ ತುಂಬಿ. ಟನಲ್ ಮೋಡ್‌ನಲ್ಲಿ ಗದಗದ ಒಳಗಿನ ಯಾವ ಕಂಪ್ಯೂಟರ್ ಹುಬ್ಬಳ್ಳಿಯ ಯಾವುದರೊಂದಿಗೆ ಮಾತಾಡುತ್ತಿದೆ ಎಂಬುದೂ ಬಣ್ಣದೊಳಗೆ ಮುಚ್ಚಿಹೋಗುತ್ತದೆ. ಹೊರಗೆ ಕಾಣುವುದು ಎರಡು ಗೇಟ್‌ವೇಗಳ ವಿಳಾಸ ಮಾತ್ರ. ಕಚೇರಿಯಿಂದ ಕಚೇರಿಗೆ ಎಂದರೆ ಟನಲ್, ಎರಡೇ ಯಂತ್ರಗಳ ನಡುವೆ ನೇರವಾಗಿ ಎಂದರೆ ಟ್ರಾನ್ಸ್‌ಪೋರ್ಟ್.

ಈಗ ಐಪಿಸೆಕ್‌ನ ಇನ್ನೊಂದು ಪ್ರೋಟೊಕಾಲ್, ಎಎಚ್. ಇದು ಮುಚ್ಚಿಡುವುದಿಲ್ಲ, ಯಾರು ಕಳಿಸಿದರು, ದಾರಿಯಲ್ಲಿ ಬದಲಾಯಿತೇ ಎಂಬುದನ್ನಷ್ಟೇ ನೋಡುತ್ತದೆ. ಆದರೆ ಐಪಿ ಹೆಡರ್‌ನಲ್ಲಿರುವ ವಿಳಾಸಗಳನ್ನೂ ಸೇರಿಸಿ ನೋಡುತ್ತದೆ. ಲಕೋಟೆಯ ಮೇಲಿನ ವಿಳಾಸಕ್ಕೂ ಅಡ್ಡಲಾಗಿ ಅರಗಿನ ಮೊಹರು ಒತ್ತಿದ ಹಾಗೆ. ನ್ಯಾಟ್ ಮಾಡುವ (ಒಳಗಿನ ವಿಳಾಸವನ್ನು ಹೊರವಿಳಾಸಕ್ಕೆ ಬದಲಿಸುವ) ರೌಟರ್ ಆ ವಿಳಾಸ ತಿದ್ದಿದ ಕೂಡಲೇ ಮೊಹರು ಒಡೆಯುತ್ತದೆ, ಆಚೆ ಬದಿಯವರು ಪ್ಯಾಕೆಟ್ ಎಸೆಯುತ್ತಾರೆ. ‘ನ್ಯಾಟ್ ಹಿಂದೆ ಎಎಚ್ ಏಕೆ ಕೆಲಸ ಮಾಡುತ್ತಿಲ್ಲ?’ ಎಂದು ಕೇಳಿದರೆ ಇದೇ ಉತ್ತರ. ಇಎಸ್‌ಪಿ ಹೊರಗಿನ ಹೆಡರ್ ಮುಟ್ಟುವುದಿಲ್ಲ. ಅದರ ತೊಂದರೆ ಬೇರೆ, ಅದಕ್ಕೆ ಪೋರ್ಟ್ ಸಂಖ್ಯೆಯೇ ಇಲ್ಲ. ಹಲವರು ಒಂದೇ ಹೊರವಿಳಾಸ ಹಂಚಿಕೊಂಡಿರುವಾಗ ಯಾವ ಪ್ಯಾಕೆಟ್ ಯಾರದು ಎಂದು ರೌಟರ್‌ಗೆ ಗೊತ್ತಾಗದು. ಅದಕ್ಕೇ ಯುಡಿಪಿ 4500ರಲ್ಲಿ ಸುತ್ತಿ ಕಳಿಸುವ ಏರ್ಪಾಡು.

ಪೋರ್ಟ್ ಪಟ್ಟಿಯವರು ಬೀಳುವ ಗುಂಡಿಯೂ ಇದೇ. ಇಎಸ್‌ಪಿಯ 50, ಎಎಚ್‌ನ 51 ಪೋರ್ಟ್‌ಗಳಲ್ಲ, ಐಪಿ ಪ್ರೋಟೊಕಾಲ್ ಸಂಖ್ಯೆಗಳು. ಫೈರ್‌ವಾಲ್‌ನಲ್ಲಿ ಟಿಸಿಪಿ 50 ತೆರೆದು ಟನಲ್ ಏಳಲಿಲ್ಲ ಎಂದು ಪರದಾಡಿದರೆ ಪ್ರಯೋಜನವಿಲ್ಲ. ತೆರೆಯಬೇಕಾದ್ದು ಯುಡಿಪಿ 500 (ಕೀಲಿ ಮಾತುಕತೆ ನಡೆಸುವ ಐಕೆಇಗೆ), ಯುಡಿಪಿ 4500 ಮತ್ತು ಪ್ರೋಟೊಕಾಲ್ 50.

ಹಳೆಯ ಐಕೆಇಯಲ್ಲಿ ಎರಡು ಘಟ್ಟ. ಮೊದಲನೆಯದರಲ್ಲಿ ಗೇಟ್‌ವೇಗಳು ಒಂದನ್ನೊಂದು ಗುರುತಿಸಿ ಮಾತುಕತೆಗೆ ಭದ್ರ ದಾರಿ ಮಾಡಿಕೊಳ್ಳುತ್ತವೆ. ಎರಡನೆಯದರಲ್ಲಿ ಯಾವ ಜಾಲದಿಂದ ಯಾವ ಜಾಲಕ್ಕೆ ಡೇಟಾ ಹೋಗಬೇಕೆಂದು ತೀರ್ಮಾನಿಸುತ್ತವೆ. ಮೊದಲ ಘಟ್ಟವೇ ಏಳದಿದ್ದರೆ ಹಂಚಿಕೊಂಡ ಕೀಲಿ, ಎನ್‌ಕ್ರಿಪ್ಷನ್, ಹ್ಯಾಶ್, ಡಿಫೀ-ಹೆಲ್‌ಮನ್ ಗುಂಪು (ಕೀಲಿ ರೂಪಿಸುವ ಲೆಕ್ಕದ ಮಾದರಿ) ಎರಡೂ ಕಡೆ ಒಂದೇ ಇದೆಯೇ ನೋಡಿ. ಮೊದಲನೆಯದು ಎದ್ದು ಎರಡನೆಯದು ಬಿದ್ದರೆ, ಹುಬ್ಬಳ್ಳಿಯಲ್ಲಿ 192.168.20.0/24 ಎಂದು ಬರೆದು ಗದಗದಲ್ಲಿ /16 ಎಂದು ಬರೆದಂಥ ಫರಕು ಹುಡುಕಿ. ಎರಡೂ ಎದ್ದರೂ ಪಿಂಗ್ ಹೋಗುತ್ತಿಲ್ಲವೇ? ಎರಡೂ ಕಚೇರಿಯಲ್ಲಿ ರೌಟರ್ ಕೊಟ್ಟ 192.168.1.0/24 ಹಾಗೇ ಬಿಟ್ಟಿರಬಹುದು. ಪಿಂಗ್ ಹೋಗಿ ದೊಡ್ಡ ಫೈಲ್ ಮಾತ್ರ ನಿಂತರೆ, ಇಎಸ್‌ಪಿ ಸೇರಿಸುವ ಬೈಟ್‌ಗಳಿಂದ ಪ್ಯಾಕೆಟ್ 1500 ಬೈಟ್‌ಗಳ ಮಿತಿ ಮೀರಿದೆ ಎಂದು ಅನುಮಾನಿಸಿ.

ಟೆಲಿಗ್ರಾಂನಲ್ಲಿ ‘ಅಸಲಿ ಪ್ರಶ್ನೆಗಳು’ ಎಂದು ಮಾರುವ ಪಿಡಿಎಫ್‌ಗಳ ಬಗ್ಗೆ ಒಂದು ಮಾತು. ಅವುಗಳ ಬಹಳಷ್ಟು ಉತ್ತರಗಳೇ ಖೊಟ್ಟಿ, ವಿಶೇಷವಾಗಿ ಐಪಿಸೆಕ್‌ನಲ್ಲಿ. ಸಿಕ್ಕಿಬಿದ್ದರೆ ಕಾಂಪ್‌ಟಿಯಾ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು.

ಹಂತ 4: ವೈ-ಫೈ ಮತ್ತು ಲಾಗಿನ್

ಇದು ಒಂದು ಸಂಜೆಯ ಕೆಲಸ. ವೈ-ಫೈ ಭದ್ರತೆಯ ತಲೆಮಾರುಗಳು, ಹಳೆಯದರಿಂದ ಹೊಸದಕ್ಕೆ: ವೆಪ್‌ನಲ್ಲಿ ಆರ್‌ಸಿ4, ಡಬ್ಲ್ಯುಪಿಎಯಲ್ಲಿ ಟಿಕಿಪ್, ಡಬ್ಲ್ಯುಪಿಎ2ರಲ್ಲಿ ಎಇಎಸ್ ಆಧಾರಿತ ಸಿಸಿಎಂಪಿ, ಡಬ್ಲ್ಯುಪಿಎ3ರಲ್ಲಿ ಎಸ್‌ಎಇ. ಕೊನೆಯದರ ಲಾಭ: ಹಸ್ತಲಾಘವ ಹಿಡಿದುಕೊಂಡು ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸುವ ದಾರಿ ಮುಚ್ಚುತ್ತದೆ. ಲಾಗಿನ್ ಪರಿಶೀಲಿಸುವ ಸರ್ವರ್‌ಗಳ ಪ್ರೋಟೊಕಾಲ್ ಎರಡು. ರೇಡಿಯಸ್ ಯುಡಿಪಿ 1812, 1813. ಪಾಸ್‌ವರ್ಡ್ ಮಾತ್ರ ಮುಚ್ಚುತ್ತದೆ. ಟ್ಯಾಕಾಕ್ಸ್ ಪ್ಲಸ್ ಟಿಸಿಪಿ 49. ಸಂದೇಶದ ಒಡಲನ್ನೇ ಮುಚ್ಚುತ್ತದೆ. ಕಚೇರಿ ವೈ-ಫೈಗೆ ಲಾಗಿನ್ ಆಗುವ ವಿಧಾನಗಳಲ್ಲಿ ಇಎಪಿ-ಟಿಎಲ್‌ಎಸ್‌ಗೆ ಎರಡೂ ಕಡೆ ಸರ್ಟಿಫಿಕೇಟ್ ಬೇಕು, ಪೀಪ್‌ಗೆ ಸರ್ವರ್‌ನದು ಸಾಕು.

ಹಂತ 5: ಪರೀಕ್ಷೆಯ ದಿನ

ಕೇಂದ್ರಕ್ಕೇ ಹೋಗಿ ಬರೆಯಿರಿ. ಮನೆಯಿಂದ ಬರೆದರೆ ಕರೆಂಟು, ನೆಟ್ ಎರಡರ ಚಿಂತೆ. ಮೇಲಾಗಿ ಕಾಗದ-ಪೆನ್ನು ಇಟ್ಟುಕೊಳ್ಳುವಂತಿಲ್ಲ. ಕೇಂದ್ರದಲ್ಲಿ ಅಳಿಸಿ ಬರೆಯುವ ಹಲಗೆ ಕೊಡುತ್ತಾರೆ. ಗಡಿಯಾರ ಶುರುವಾದ ಕೂಡಲೇ ಇಎಸ್‌ಪಿಯ ಮೂರು ಚಿತ್ರಗಳನ್ನು ಅದರ ಮೇಲೆ ಇಳಿಸಿಬಿಡಿ. ಎಳೆದು ಜೋಡಿಸುವ ಪ್ರಾಯೋಗಿಕ ಪ್ರಶ್ನೆಗಳು ಸಾಮಾನ್ಯವಾಗಿ ಮೊದಲಿಗೇ ಬರುತ್ತವೆ. ಅವಕ್ಕೆ ಫ್ಲ್ಯಾಗ್ ಹಾಕಿ ಮುಂದೆ ಹೋಗಿ, ಕೊನೆಗೆ ಬನ್ನಿ. ಅವುಗಳಿಗೆಂದು 20 ನಿಮಿಷ ತೆಗೆದಿಡಿ. ಫೈರ್‌ವಾಲ್ ನಿಯಮ ಜೋಡಿಸುವ ಪ್ರಶ್ನೆಯಾದರೆ ಟಿಸಿಪಿಯೋ ಯುಡಿಪಿಯೋ ಎಂಬ ಖಾನೆಯನ್ನು ಪೋರ್ಟ್‌ಗಿಂತ ಮೊದಲು ತುಂಬಿ.