ಇಂಗ್ಲಿಷಿನ ‘ದಿ’ ನನ್ನ ಕೈಗೆ ಬಂದ ಬಗೆ

ಕೆರೆ ಹೂಳೆತ್ತುವ ಕೆಲಸಗಳ ವರದಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಇದರಲ್ಲಿ ಜಾಸ್ತಿ ತಲೆ ತಿನ್ನುವುದು ದೊಡ್ಡ ಪದಗಳಲ್ಲ, ಪುಟ್ಟ ‘ದಿ’. ಎಲ್ಲಿ ಅದು ಬೇಕು, ಎಲ್ಲಿ ‘ಎ’ ಸಾಕು, ಎಲ್ಲಿ ಎರಡೂ ಬೇಡ? ವ್ಯಾಕರಣದ ಪುಸ್ತಕಗಳು ನದಿಗೆ ಹಾಕಿ, ಊರಿಗೆ ಹಾಕಬೇಡಿ ಅಂತ ಪಟ್ಟಿ ಕೊಡುತ್ತವೆ. ಆದರೆ ಒಂದು ಮಾಮೂಲಿ ಪ್ಯಾರಾ ಬರೆಯಲು ಕೂತರೆ ಅಲ್ಲಿ ಬರುವುದು ಏರಿ (ಕೆರೆಯ ಕಟ್ಟೆ), ತೂಬು (ನೀರು ಹೊರಬಿಡುವ ಕಿಂಡಿ), ಮಣ್ಣು, ಜನ. ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ನಾನು ಈಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದನ್ನು ಓದುವವರು ಇಲ್ಲಿ ‘ಯಾವುದು?’ ಅಂತ ಕೇಳುತ್ತಾರಾ? ಕೇಳುವ ಹಾಗಿದ್ದರೆ ‘ಎ’. ಕೇಳದೆಯೇ ಅವರಿಗೆ ಗೊತ್ತಾಗುವ ಹಾಗಿದ್ದರೆ ‘ದಿ’. ನನಗೆ ಗೊತ್ತಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಇಲ್ಲ. ಆ ಕೆರೆಯ ಏರಿ ಮೇಲೆ ನಾನು ಓಡಾಡಿರಬಹುದು, ಓದುವವರು ಅದನ್ನು ಕಂಡೇ ಇಲ್ಲವಲ್ಲ.

ಒಂದು ಪ್ಯಾರಾ ನೋಡಿ. ‘ಊರ ಪಕ್ಕ ಒಂದು ಕೆರೆ ಇದೆ. ಏರಿ ಬಿರುಕು ಬಿಟ್ಟಿತ್ತು. ತೂಬು ಕಟ್ಟಿಕೊಂಡಿತ್ತು. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಗಳಿಗೆ ಹಾಕಿದರು.’ ಕೆರೆ ಮೊದಲ ಸಲ ಬಂದಿದೆ, ಹಾಗಾಗಿ ‘ಎ ಟ್ಯಾಂಕ್’. ಏರಿಯೂ ಮೊದಲ ಸಲವೇ ಬಂದಿದ್ದು, ಆದರೂ ಅದು ‘ದಿ ಬಂಡ್’. ಯಾಕೆ? ಕೆರೆ ಅಂದ ಮೇಲೆ ಏರಿ ಇದ್ದೇ ಇರುತ್ತದೆ, ಯಾವ ಏರಿ ಅಂತ ಯಾರೂ ಕೇಳುವುದಿಲ್ಲ. ‘ಮೊದಲ ಸಲ ಎ, ಎರಡನೇ ಸಲ ದಿ’ ಅನ್ನುವ ಶಾಲೆಯ ಸೂತ್ರ ಸೋಲುವುದು ಇಲ್ಲೇ. ಅದೇ ಏರಿ ಮೇಲೆ ಒಂದು ಮರ ಬೆಳೆದಿದ್ದರೆ ‘ಎ ಟ್ರೀ’, ಯಾಕೆಂದರೆ ಏರಿ ಅಂದ ಕೂಡಲೇ ಮರ ನೆನಪಿಗೆ ಬರುವುದಿಲ್ಲ.

ತೂಬಿನದು ಇನ್ನೂ ಸ್ವಾರಸ್ಯ. ‘ದಿ ಸ್ಲೂಸ್’ ಅಂತ ಬರೆದರೆ ಆ ಕೆರೆಗೆ ಇರುವುದು ಒಂದೇ ತೂಬು ಅಂತ ಹೇಳಿದ ಹಾಗೆ. ದೊಡ್ಡ ಕೆರೆಗಳಿಗೆ ಎರಡು ಮೂರು ಇರುತ್ತವೆ. ಆಗ ‘ಒನ್ ಆಫ್ ದಿ ಸ್ಲೂಸಸ್’ ಅನ್ನಬೇಕು. ಕನ್ನಡದಲ್ಲಿ ಸುಮ್ನೆ ‘ತೂಬು’ ಅಂತ ಬರೆದಿದ್ದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ವರದಿ ಬರೆದವರಿಗೆ ಫೋನ್ ಮಾಡಿ ಕೇಳುತ್ತೇನೆ. ಜನರ ವಿಷಯವೂ ಹೀಗೇ. ‘ದಿ ಫಾರ್ಮರ್ಸ್ ಆಫ್ ದಿ ವಿಲೇಜ್’ ಅಂದರೆ ಊರಿನ ಅಷ್ಟೂ ರೈತರು ಬಂದರು ಅಂತ ಅರ್ಥ. ಕೆಲವರೇ ಬಂದಿದ್ದರೆ ‘ಸಮ್ ಫಾರ್ಮರ್ಸ್’. ದುಡ್ಡು ಕೊಟ್ಟವರು ಓದುವ ವರದಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹೂಳು ಮಣ್ಣಿಗೆ ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುವಾಗ ಬರೀ ‘ಸಿಲ್ಟ್’, ಈ ಕೆರೆಯಿಂದ ತೆಗೆದ ಹೂಳು ಅನ್ನುವಾಗ ‘ದಿ ಸಿಲ್ಟ್’.

ಕನ್ನಡದಲ್ಲಿ ‘ದಿ’ ಇಲ್ಲ, ಅದಕ್ಕೇ ನಮಗೆ ಕಷ್ಟ ಅನ್ನುತ್ತಾರೆ. ಪದ ಇಲ್ಲ, ನಿಜ. ಆದರೆ ಆ ಭೇದ ನಮ್ಮ ಮಾತಿನಲ್ಲಿ ಇದೆ. ‘ಹಾಲು ತಗೊಂಡು ಬಾ’ ಅಂದರೆ ಮಗ ಅಂಗಡಿಗೆ ಹೋಗುತ್ತಾನೆ. ‘ಹಾಲನ್ನ ತಗೊಂಡು ಬಾ’ ಅಂದರೆ ಅಡುಗೆಮನೆಗೆ ಹೋಗುತ್ತಾನೆ, ಅಲ್ವಾ? ‘ಹಾಲು’ ಪದಕ್ಕೆ ಹತ್ತಿದ ಆ ‘ಅನ್ನ’ ಪ್ರತ್ಯಯ (ಬರಹದಲ್ಲಿ ‘ಅನ್ನು’) ಇಲ್ಲಿ ‘ದಿ’ ಮಾಡುವ ಕೆಲಸವನ್ನೇ ಮಾಡುತ್ತಿದೆ. ಕರ್ತೃಪದಕ್ಕೆ ಈ ಪ್ರತ್ಯಯ ಹತ್ತುವುದಿಲ್ಲ, ಅಲ್ಲಿ ಪದಗಳ ಜಾಗ ನೋಡಬೇಕು. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದರೆ ‘ಎ ಬುಕ್’, ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ‘ದಿ ಬುಕ್’. ಅನುಮಾನ ಬಂದಾಗ ನಾನು ವಾಕ್ಯವನ್ನು ಮನೆಮಾತಿನಲ್ಲಿ ಒಮ್ಮೆ ಹೇಳಿ ನೋಡುತ್ತೇನೆ. ಬರಹದ ಕನ್ನಡದಲ್ಲಿ ‘ಅನ್ನು’ ಎಲ್ಲೆಂದರಲ್ಲಿ ಬರುತ್ತದೆ, ಅದನ್ನು ನಂಬುವ ಹಾಗಿಲ್ಲ. ಮನುಷ್ಯರ ವಿಷಯದಲ್ಲೂ ಈ ಉಪಾಯ ನಡೆಯುವುದಿಲ್ಲ, ‘ಯಾರೋ ಒಬ್ಬ ಹುಡುಗನನ್ನು ನೋಡಿದೆ’ ಅಂತಲೂ ಹೇಳುತ್ತೇವಲ್ಲ.

ಹೆಸರುಗಳಿಗೆ ಮಾತ್ರ ರೂಢಿಯೇ ಗತಿ. ದಿ ಕಾವೇರಿ, ದಿ ವೆಸ್ಟರ್ನ್ ಘಾಟ್ಸ್, ಆದರೆ ಹಲಸೂರು ಕೆರೆ ಬರೀ ಅಲ್ಸೂರ್ ಲೇಕ್. ‘ದಿ ಯೂನಿವರ್ಸಿಟಿ ಆಫ್ ಮೈಸೂರ್’ ಸರಿ, ‘ಮೈಸೂರ್ ಯೂನಿವರ್ಸಿಟಿ’ಗೆ ‘ದಿ’ ಬೇಡ. ಅಕ್ಷರ ಅಕ್ಷರವಾಗಿ ಹೇಳುವ ಆರ್‌ಬಿಐ, ಸಿಬಿಐಗಳಿಗೆ ಸಾಮಾನ್ಯವಾಗಿ ‘ದಿ’ ಬರುತ್ತದೆ, ಒಂದೇ ಪದವಾಗಿ ಹೇಳುವ ಇಸ್ರೋಗೆ ಬರುವುದಿಲ್ಲ. ರೂಢಿ ಬದಲಾಗುವುದೂ ಉಂಟು: 1991ರಲ್ಲಿ ಸ್ವತಂತ್ರವಾದ ಉಕ್ರೇನಿಗೆ ಹಿಂದೆ ‘ದಿ’ ಹಚ್ಚುತ್ತಿದ್ದರು, ಈಗ ಹಚ್ಚಿದರೆ ಅಲ್ಲಿನವರಿಗೆ ಬೇಸರವಾಗುತ್ತದೆ. ರೋಗಿ ಆಸ್ಪತ್ರೆಯಲ್ಲಿದ್ದರೆ ಬ್ರಿಟಿಷರಿಗೆ ‘ಇನ್ ಹಾಸ್ಪಿಟಲ್’, ಅಮೆರಿಕದವರಿಗೆ ‘ಇನ್ ದಿ ಹಾಸ್ಪಿಟಲ್’. ವರದಿ ಯಾರಿಗೆ ಹೋಗುತ್ತದೆ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಕೊನೆಗೆ ಒಂದು ಸುತ್ತು ಬರೀ ನಾಮಪದಗಳನ್ನೇ ನೋಡಿಕೊಂಡು ಗಟ್ಟಿಯಾಗಿ ಓದುತ್ತೇನೆ. ಹಾಗೆ ಓದುವಾಗ ಉಚ್ಚಾರವೂ ನೆಟ್ಟಗಾಗುತ್ತದೆ. ಇಲ್ಲಿಯವರೆಗೆ ಎಲ್ಲ ಕಡೆ ‘ದಿ’ ಅಂತಲೇ ಬರೆದೆ, ಆದರೆ ಬಾಯಲ್ಲಿ ಹೇಳುವಾಗ ಮುಂದೆ ಸ್ವರದ ಸದ್ದು ಇದ್ದರೆ ‘ದಿ’, ವ್ಯಂಜನದ ಸದ್ದಾದರೆ ‘ದ’. ಕಾಗುಣಿತ ನೋಡಬೇಡಿ, ಕಿವಿಯನ್ನು ಕೇಳಿ: ದ ಬಂಡ್, ದಿ ಅವರ್, ದ ಯೂನಿವರ್ಸಿಟಿ, ದಿ ಎಂಎಲ್‌ಎ.